ಕೆಟ್ಟ ಸ್ಮಾರ್ಟ್ ಬಲ್ಬ್, ಪ್ಲಗ್, ಕ್ಯಾಮೆರಾ ಬಿಚ್ಚಿದರೆ ನಿಜಕ್ಕೂ ಏನು ಸಿಗುತ್ತದೆ?

"ಹಳೆಯ ಸ್ಮಾರ್ಟ್ ಬಲ್ಬ್ ಬಿಸಾಡಬೇಡಿ, ಒಳಗೊಂದು ಕಂಪ್ಯೂಟರ್ ಇದೆ." "ಸರ್ಕ್ಯೂಟ್ ಬೋರ್ಡಿನಲ್ಲಿ ಚಿನ್ನ ಇದೆ." "ಸ್ವಿಚ್ ಆಫ್ ಮಾಡಿ ಬಿಚ್ಚಿದರೆ ಶಾಕ್ ಹೊಡೆಯುವುದಿಲ್ಲ." ಇಂಥ ಮಾತುಗಳಿರುವ ವಿಡಿಯೊ, ಸಂದೇಶಗಳು ನಿಮ್ಮ ಗುಂಪಿಗೂ ಬಂದಿರಬಹುದು. ಇವುಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ನಿಜ. ಎರಡನೆಯದು ನಿಮ್ಮ ಲೆಕ್ಕಕ್ಕೆ ಸುಳ್ಳು. ಮೂರನೆಯದನ್ನು ನಂಬಿದರೆ ಜೀವಕ್ಕೇ ಅಪಾಯ. ಒಂದೊಂದಾಗಿ ನೋಡೋಣ.

ಕರಾವಳಿಯ ಮನೆಗಳಲ್ಲಿ ಇವು ಯಾಕೆ ಬೇಗ ಮೂಲೆ ಸೇರುತ್ತವೆ?

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಹವೆ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಸುರಿಯುತ್ತದೆ. ಸಮುದ್ರದ ಗಾಳಿಯಲ್ಲಿರುವ ಉಪ್ಪು ತೇವವನ್ನು ಹೀರಿಕೊಂಡು ಬೋರ್ಡಿನ ಮೇಲೆ ಕೂರುತ್ತದೆ, ತಾಮ್ರದ ಗೆರೆಗಳು ಹಸಿರುಗಟ್ಟುತ್ತವೆ. ಹೊರಗೋಡೆಯ ಕ್ಯಾಮೆರಾ, ಗೇಟಿನ ಬೆಲ್ ಮೊದಲು ಕೆಡುವುದು ಇದರಿಂದ.

ಎರಡನೆಯದು ಕರೆಂಟಿನ ಏರಿಳಿತ. ಗುಡುಗು ಸಿಡಿಲಿನ ದಿನಗಳಲ್ಲಿ ತಂತಿಯಲ್ಲಿ ಹಠಾತ್ತನೆ ಹೆಚ್ಚು ವೋಲ್ಟೇಜ್ ಬಂದಾಗ ಒಳಗಿನ ರಕ್ಷಣಾ ಭಾಗ ತಾನು ಸುಟ್ಟು ಉಳಿದದ್ದನ್ನು ಕಾಯುತ್ತದೆ. ಅಂದರೆ ಸತ್ತಂತೆ ಕಾಣುವ ಸ್ಮಾರ್ಟ್ ಪ್ಲಗ್‌ನಲ್ಲಿ ವೈಫೈ ಭಾಗ ಚೆನ್ನಾಗಿಯೇ ಇರಬಹುದು.

ಮೂರನೆಯದು ಕೊಲ್ಲಿ ದೇಶಗಳಿಂದ ಬರುವ ಸಾಮಾನು. ದುಬೈಯಿಂದ ತಂದ ಸ್ಮಾರ್ಟ್ ಪ್ಲಗ್‌ಗೆ ಮೂರು ಚೌಕ ಪಿನ್ ಇರುತ್ತದೆ, ನಮ್ಮ ದುಂಡು ಸಾಕೆಟ್‌ಗೆ ಹಿಡಿಸುವುದಿಲ್ಲ. ಅದು ಕೆಡದೆಯೇ ಡ್ರಾವರ್ ಸೇರುತ್ತದೆ. ಆ ಚೌಕ ಪಿನ್ನಿನ ಪ್ಲಗ್‌ಗಳ ಒಳಗೆ ಒಂದು ಫ್ಯೂಸ್ ಇರುತ್ತದೆ. ಸ್ಪೀಕರ್, ದೀಪ ಇತ್ಯಾದಿಗಳ ವೈರ್ ಕತ್ತರಿಸಿ ಇಲ್ಲಿನ ಪ್ಲಗ್ ಹಾಕಿದರೆ ಆ ಫ್ಯೂಸಿನ ರಕ್ಷಣೆ ಹೋಯಿತು. ಯುಎಇಯ ವೋಲ್ಟೇಜ್ ನಮ್ಮಂತೆಯೇ 230. ಆದರೆ ಸೌದಿಯ ಹಳೆಯ 110–127 ವೋಲ್ಟ್ ಉಪಕರಣವಾದರೆ ಇಲ್ಲಿ ಹಾಕಿದ ಕೂಡಲೇ ಸುಡಬಹುದು. ಲೇಬಲ್ ಓದದೆ ಯಾವುದನ್ನೂ ಸಾಕೆಟ್‌ಗೆ ಹಾಕಬೇಡಿ.

ಇನ್ನು ಕೆಲವು ಉಪಕರಣ ಕೆಡುವುದೇ ಇಲ್ಲ, ಕಂಪನಿಯ ಸರ್ವರ್ ನಿಂತಾಗ ನಿರುಪಯೋಗಿಯಾಗುತ್ತವೆ. ಅಮೆರಿಕದಲ್ಲಿ 2016ರ ಮೇ ತಿಂಗಳಲ್ಲಿ 'ರಿವಾಲ್ವ್' ಎಂಬ ಮನೆ ನಿಯಂತ್ರಣ ಸಾಧನಕ್ಕೆ ಆದದ್ದು ಹೀಗೆಯೇ.

ಚಿನ್ನ ಇದೆಯೇ?

ಇದೆ, ಆದರೆ ನಿಮ್ಮ ಕೈಗೆ ಸಿಗುವಷ್ಟಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ ಹತ್ತು ಲಕ್ಷ ಮೊಬೈಲ್‌ಗಳಿಂದ ಸುಮಾರು 34 ಕಿಲೋ ಚಿನ್ನ ತೆಗೆಯಬಹುದು. ಭಾಗಿಸಿ ನೋಡಿದರೆ ಒಂದು ಮೊಬೈಲಿಗೆ 0.034 ಗ್ರಾಂ. ಒಂದು ಗ್ರಾಂಗೆ ಸುಮಾರು 30 ಮೊಬೈಲ್ ಬೇಕು, ಅದೂ ದೊಡ್ಡ ಕಾರ್ಖಾನೆಯಲ್ಲಿ. ಅಗ್ಗದ ಬಲ್ಬಿನ ಬೋರ್ಡಿನಲ್ಲಿ ಮೊಬೈಲಿನಷ್ಟೂ ಇರುವುದಿಲ್ಲ.

ವಿಡಿಯೊಗಳಲ್ಲಿ ತೋರಿಸುವಂತೆ ಆಸಿಡ್ ಹಾಕಿ ತೆಗೆಯಲು ಹೋದರೆ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಅದು ಶ್ವಾಸಕೋಶವನ್ನು ಸುಡುತ್ತದೆ. ಕೆಲವೊಮ್ಮೆ ಉಸಿರಾಟದ ತೊಂದರೆ ಗಂಟೆಗಳ ನಂತರ ಶುರುವಾಗುತ್ತದೆ.

ಹಳೆಯ ಟಿವಿ, ರೇಡಿಯೊಗಳಲ್ಲಿ 'ಕೆಂಪು ಪಾದರಸ' ಇದೆ ಎನ್ನುವುದು ಇದೇ ಜಾತಿಯ ವದಂತಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್ ಹೊಲಿಗೆ ಯಂತ್ರದಲ್ಲಿ ಅದು ಇದೆ ಎಂಬ ಸುದ್ದಿ ಹಬ್ಬಿ ಯಂತ್ರಗಳ ಬೆಲೆ ಹುಚ್ಚುಹುಚ್ಚಾಗಿ ಏರಿತ್ತು. ಅಂಥ ವಸ್ತುವೇ ಇರಲಿಲ್ಲ.

ಹಾಗಾದರೆ 'ಕಂಪ್ಯೂಟರ್' ಎಂಬುದು ನಿಜವೇ?

ಬಹುಮಟ್ಟಿಗೆ ನಿಜ. ಚೀನಾದ ಶಾಂಘೈಯ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಎಂಬ ವೈಫೈ ಚಿಪ್ 2014ರಿಂದ ಅಗ್ಗವಾಗಿ ಸಿಗತೊಡಗಿತು. ಎಷ್ಟೋ ಸ್ಮಾರ್ಟ್ ಪ್ಲಗ್, ಬಲ್ಬ್‌ಗಳ ಒಳಗೆ ಇರುವುದು ಇದೇ. ಉಗುರಿನಷ್ಟು ಅಗಲದ ಈ ಚಿಪ್ ಸೆಕೆಂಡಿಗೆ 8 ಕೋಟಿ ಮಿಡಿತದ ವೇಗದಲ್ಲಿ ಕೆಲಸ ಮಾಡುತ್ತದೆ, ಬೇಕಾಗುವುದು ಬರೀ 3.3 ವೋಲ್ಟ್. ಟಾಸ್ಮೋಟಾ, ಇಎಸ್‌ಪಿಹೋಮ್ ಎಂಬ ಉಚಿತ ತಂತ್ರಾಂಶ ತುಂಬಿದರೆ ಕಂಪನಿಯ ಸರ್ವರ್ ಇಲ್ಲದೆಯೂ ನಡೆಯುತ್ತದೆ. ಬೋರ್ಡಿನಿಂದ ಬಿಡಿಸಿಕೊಂಡು ನೀರಿನ ಟ್ಯಾಂಕ್ ತುಂಬಿದಾಗ ಮೊಬೈಲಿಗೆ ತಿಳಿಸುವ ಸಾಧನ, ತೇವಾಂಶ ಅಳೆಯುವ ಸಾಧನ ಮಾಡಬಹುದು.

ಆದರೆ ಎರಡು ಮಿತಿಗಳಿವೆ. ಹೊಸ ಬಲ್ಬ್, ಪ್ಲಗ್‌ಗಳಲ್ಲಿ ಬೇರೆ ಕಂಪನಿಗಳ ಚಿಪ್ ಬರುತ್ತಿವೆ, ಎಲ್ಲಕ್ಕೂ ಒಂದೇ ವಿಧಾನ ನಡೆಯದು. ದೊಡ್ಡ ಕಂಪನಿಗಳ ಸ್ಮಾರ್ಟ್ ಸ್ಪೀಕರ್‌ಗಳ ಚಿಪ್‌ಗೆ ಬೀಗ ಹಾಕಿರುತ್ತಾರೆ, ಬೇರೆ ತಂತ್ರಾಂಶ ಹಾಕಲು ಬಿಡುವುದಿಲ್ಲ.

ಯಾವುದರಿಂದ ಏನು ತೆಗೆಯಬಹುದು?

• ಅಡಾಪ್ಟರ್: ಎಲ್ಲಕ್ಕಿಂತ ಉಪಯುಕ್ತ ಇದೇ, ಬಿಚ್ಚುವುದೂ ಬೇಡ. ಲೇಬಲ್ಲಿನಲ್ಲಿರುವ ವೋಲ್ಟ್ ಸರಿಸಮ ಇರಬೇಕು, ಆಂಪಿಯರ್ ಬೇಕಾದಷ್ಟೇ ಅಥವಾ ಹೆಚ್ಚು ಇರಬೇಕು, ಪ್ಲಸ್–ಮೈನಸ್ ಹೊಂದಬೇಕು. ಆಗ ರೂಟರ್, ಎಲ್‌ಇಡಿ ಪಟ್ಟಿಗೆ ಬಳಸಬಹುದು.

• ಸ್ಮಾರ್ಟ್ ಸ್ಪೀಕರ್: ಒಳಗಿನ ಸ್ಪೀಕರ್ ಚೆನ್ನಾಗಿರುತ್ತದೆ. ಅದರ ಮೇಲೆ ಬರೆದ ಓಮ್, ವ್ಯಾಟ್ ನೋಡಿ ಸಣ್ಣ ಆಂಪ್ಲಿಫೈಯರ್‌ಗೆ ಜೋಡಿಸಬಹುದು.

• ಕ್ಯಾಮೆರಾ: ಮೆಮೊರಿ ಕಾರ್ಡ್ ಮತ್ತು ಅಡಾಪ್ಟರ್ ತೆಗೆದುಕೊಳ್ಳಿ. ಉಳಿದದ್ದು ಹವ್ಯಾಸಿಗಳಿಗೆ ಮಾತ್ರ.

• ಬಲ್ಬಿನ ಎಲ್‌ಇಡಿ ತಟ್ಟೆ: 12 ವೋಲ್ಟ್ ಬ್ಯಾಟರಿಗೆ ಜೋಡಿಸಿ ಎನ್ನುವ ಸಲಹೆ ಹೆಚ್ಚಿನ ಬಲ್ಬ್‌ಗಳಿಗೆ ತಪ್ಪು. ಎಲ್‌ಇಡಿಗಳು ಸಾಲಾಗಿ ಜೋಡಣೆಯಾಗಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ವೋಲ್ಟ್ ಬೇಡುತ್ತವೆ.

• ಪ್ಲಗ್‌ನ ರಿಲೇ: ತೋಟದ ಪಂಪಿಗೆ ಬೇಡವೇ ಬೇಡ. '10 ಆಂಪಿಯರ್' ಎಂದು ಬರೆದಿದ್ದರೂ ಮೋಟಾರು ಶುರುವಾಗುವಾಗ ಎಂದಿನ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ರಿಲೇಯ ತುದಿಗಳು ಅಂಟಿಕೊಂಡರೆ ಪಂಪ್ ನಿಲ್ಲುವುದೇ ಇಲ್ಲ.

ಉಪ್ಪು ಹಿಡಿದ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಬ್ರಶ್‌ನಿಂದ ಒರೆಸಬಹುದು. ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿ ನೀರಿದೆ, ಅಂಟು ಉಳಿಯುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಉಪ್ಪು ಹೋಗುವುದಿಲ್ಲ.

"ಸ್ವಿಚ್ ಆಫ್ ಮಾಡಿದರೆ ಸಾಕು" – ಇದೇ ಅಪಾಯದ ಮಾತು

ಇಲ್ಲಿ ಮೂರು ವಿಷಯ ಚೆನ್ನಾಗಿ ನೆನಪಿಡಿ.

ಒಂದು: ವೈರಿಂಗ್ ತಪ್ಪಾಗಿದ್ದರೆ ಸ್ವಿಚ್ ಆಫ್ ಆಗಿದ್ದರೂ ಫೇಸ್ ತಂತಿಯಲ್ಲಿ ಕರೆಂಟ್ ಇರುತ್ತದೆ. ಆದ್ದರಿಂದ ಪ್ಲಗ್ಗನ್ನು ಸಾಕೆಟ್‌ನಿಂದ, ಬಲ್ಬನ್ನು ಹೋಲ್ಡರ್‌ನಿಂದ ಪೂರ್ತಿ ತೆಗೆಯಿರಿ.

ಎರಡು: ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ. 230 ವೋಲ್ಟ್ ಎಂಬುದು ಸರಾಸರಿ ಲೆಕ್ಕ. ಅದರ ತುತ್ತತುದಿ ಸುಮಾರು 325 ವೋಲ್ಟ್, ಕೆಪಾಸಿಟರ್ ತುಂಬಿಕೊಳ್ಳುವುದು ಅಷ್ಟನ್ನು. ಹಲವು ನಿಮಿಷ ಕಾಯಿರಿ, ಮಲ್ಟಿಮೀಟರ್‌ನಿಂದ ಅಳೆದು ಸೊನ್ನೆಯ ಹತ್ತಿರ ಬಂದಿದೆಯೇ ನೋಡಿ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವುದು ಸರಿಯಾದ ದಾರಿಯಲ್ಲ.

ಮೂರು: ಇದು ಬಹಳ ಜನರಿಗೆ ಗೊತ್ತಿಲ್ಲ. ಮೊಬೈಲ್ ಚಾರ್ಜರ್‌ನಲ್ಲಿ ಮನೆ ಕರೆಂಟ್ ಮತ್ತು ಹೊರಬರುವ 5 ವೋಲ್ಟ್ ನಡುವೆ ಟ್ರಾನ್ಸ್‌ಫಾರ್ಮರ್ ಇದ್ದು, ಎರಡನ್ನೂ ಬೇರ್ಪಡಿಸುತ್ತದೆ. ಅಗ್ಗದ ಸ್ಮಾರ್ಟ್ ಬಲ್ಬ್, ಪ್ಲಗ್‌ಗಳಲ್ಲಿ ಎಷ್ಟೋ ಸಲ ಆ ಬೇರ್ಪಡಿಕೆ ಇರುವುದೇ ಇಲ್ಲ. ಹೀಗಾಗಿ '3.3 ವೋಲ್ಟ್' ಎಂದು ಬರೆದ ಜಾಗ ಮುಟ್ಟಿದರೂ 230 ವೋಲ್ಟ್ ಶಾಕ್ ಹೊಡೆಯಬಹುದು. ಬೋರ್ಡ್ ಸಾಕೆಟ್‌ನಲ್ಲಿರುವಾಗ ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿದರೆ ಲ್ಯಾಪ್‌ಟಾಪ್ ಸುಡುತ್ತದೆ, ಹಿಡಿದವರ ಜೀವಕ್ಕೂ ಅಪಾಯ. ತಂತ್ರಾಂಶ ತುಂಬುವಾಗ ಬೋರ್ಡ್‌ಗೆ ಮನೆ ಕರೆಂಟ್ ಯಾವ ಕಾರಣಕ್ಕೂ ಇರಬಾರದು, 3.3 ವೋಲ್ಟ್ ಅಡಾಪ್ಟರ್ ಮಾತ್ರ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಕೂತು ಈ ಕೆಲಸ ಬೇಡ. ಮಕ್ಕಳು ಕಲಿಯಲಿ ಎಂದಿದ್ದರೆ ಬ್ಯಾಟರಿ ಅಥವಾ ಅಡಾಪ್ಟರ್‌ನಿಂದ ನಡೆಯುವ ಸಾಧನಗಳನ್ನಷ್ಟೇ ಕೊಡಿ.

ಬ್ಯಾಟರಿ ಇದ್ದರೆ

ತಂತಿಯಿಲ್ಲದ ಬೆಲ್, ಕ್ಯಾಮೆರಾಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. 2.5 ವೋಲ್ಟ್‌ಗಿಂತ ಕೆಳಗಿಳಿದ ಬ್ಯಾಟರಿಗೂ ಮತ್ತೆ ಜೀವ ಕೊಡಲು ಹೋಗಬೇಡಿ. ಉಪ್ಪುನೀರಿನಲ್ಲಿ ಮುಳುಗಿಸಿ ಎಂಬ ಸಲಹೆಯೂ ಓಡಾಡುತ್ತಿದೆ. ಉಪ್ಪುನೀರು ತುದಿಗಳನ್ನು ತಿನ್ನುತ್ತದೆ, ಅನಿಲ ಹೊರಬರುತ್ತದೆ, ಬ್ಯಾಟರಿ ಪೂರ್ತಿ ಖಾಲಿಯಾಯಿತೆಂಬ ಭರವಸೆಯೂ ಇಲ್ಲ. ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಮನೆಯ ಹೊರಗೆ, ಮಳೆ ಬೀಳದ ಕಡೆ ಇಡಿ. ಕಡಲತೀರದ ಹೊಯಿಗೆ ಬೇಡ, ಅದರಲ್ಲಿ ಉಪ್ಪು, ತೇವ ಎರಡೂ ಇದೆ.

ನಿಮ್ಮ ವೈಫೈ ಪಾಸ್‌ವರ್ಡ್ ಗುಜರಿಗೆ ಹೋಗುತ್ತಿದೆಯೇ?

ಹೋಗುತ್ತಿರಬಹುದು. ಒಂದು ಹೆಸರಾಂತ ಸ್ಮಾರ್ಟ್ ಬಲ್ಬನ್ನು ಬಿಚ್ಚಿ ನೋಡಿದಾಗ ಮನೆಯ ವೈಫೈ ಪಾಸ್‌ವರ್ಡ್ ಓದಲು ಬರುವಂತೆಯೇ ಒಳಗೆ ಉಳಿದಿತ್ತು ಎಂಬುದು 2019ರಲ್ಲಿ ಬೆಳಕಿಗೆ ಬಂತು. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 86 ಹಳೆಯ ಎಕೋ ಡಾಟ್ ಸ್ಪೀಕರ್‌ಗಳನ್ನು ಕೊಂಡು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 61ರಷ್ಟನ್ನು ಮಾಲೀಕರು ರೀಸೆಟ್ ಮಾಡದೆಯೇ ಮಾರಿದ್ದರು. ರೀಸೆಟ್ ಮಾಡಿದವುಗಳಲ್ಲೂ ಹಳೆಯ ಮಾಹಿತಿ ಮೆಮೊರಿ ಚಿಪ್‌ನಲ್ಲಿ ಉಳಿದಿತ್ತು.

ಹೀಗಾಗಿ ಕೊಡುವ ಮೊದಲು ರೀಸೆಟ್ ಮಾಡಿ, ಆ್ಯಪ್‌ನಿಂದ ಸಾಧನವನ್ನು ತೆಗೆದುಹಾಕಿ. ಸಾಧನ ಸತ್ತಿದ್ದರೆ ರೀಸೆಟ್ ಸಾಧ್ಯವಿಲ್ಲ, ಆಗ ರೂಟರ್‌ನಲ್ಲಿ ವೈಫೈ ಪಾಸ್‌ವರ್ಡ್ ಬದಲಿಸುವುದೇ ದಾರಿ.

ಉಳಿದದ್ದನ್ನು ಏನು ಮಾಡುವುದು?

ಬಚ್ಚಲ ಒಲೆಗೆ ಹಾಕಬೇಡಿ. ತಾಮ್ರಕ್ಕಾಗಿ ವೈರ್ ಸುಟ್ಟರೆ, ಬೋರ್ಡ್ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊಗೆಯಲ್ಲಿ ಸೇರುತ್ತದೆ. ಬೆಸುಗೆಯ ಸೀಸ ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿ ನಮ್ಮ ಮನೆಗಳಲ್ಲಿ ಹೋಗುವುದು ತೆಂಗಿನ ಬುಡಕ್ಕೆ, ಬಸಳೆ ಚಪ್ಪರಕ್ಕೆ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ಪ್ರಕಾರ ಹಳೆಯ ಎಲೆಕ್ಟ್ರಾನಿಕ್ಸ್ ಮರುಬಳಕೆಯ ಹೊಣೆ ತಯಾರಕ ಕಂಪನಿಗಳದ್ದು. ಮರುಬಳಕೆ ಘಟಕಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ನಮ್ಮ ರಾಜ್ಯದಲ್ಲಿ ದಾಬಸ್‌ಪೇಟೆಯ ಇ-ಪರಿಸರ ಘಟಕ 2005ರಿಂದಲೇ ಈ ಕೆಲಸದಲ್ಲಿದೆ. ಕರಾವಳಿಯಿಂದ ಅಲ್ಲಿಗೆ ಒಂದು ಬಲ್ಬ್ ಕಳಿಸುವುದು ಆಗದ ಮಾತು. ಆದ್ದರಿಂದ ಬೋರ್ಡ್‌ಗಳನ್ನು ಒಂದು ಒಣ ಡಬ್ಬಿಯಲ್ಲಿ, ಬ್ಯಾಟರಿಗಳನ್ನು ಬೇರೆ ಡಬ್ಬಿಯಲ್ಲಿ ಕೂಡಿಡಿ. ನಾಲ್ಕಾರು ಮನೆಯವರು ಸೇರಿ ಒಟ್ಟು ಮಾಡಿ, ಪಟ್ಟಣ ಪಂಚಾಯಿತಿ ಅಥವಾ ಪುರಸಭೆಯಲ್ಲಿ ಇ-ತ್ಯಾಜ್ಯ ಯಾವಾಗ, ಎಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಕೇಳಿ ಕೊಡಿ.

ಒಟ್ಟಿನಲ್ಲಿ

ಸ್ಮಾರ್ಟ್ ಸಾಧನದೊಳಗೆ ಉಪಯೋಗಕ್ಕೆ ಬರುವ ಚಿಪ್, ಸ್ಪೀಕರ್, ಅಡಾಪ್ಟರ್ ಇರುವುದು ನಿಜ. ಮನೆಯಲ್ಲಿ ತೆಗೆಯಬಹುದಾದ ಚಿನ್ನ ಇಲ್ಲ. ಸಾಕೆಟ್‌ಗೆ ನೇರ ಹಾಕುವ ಬಲ್ಬ್, ಪ್ಲಗ್‌ಗಳನ್ನು ಕರೆಂಟಿನ ಕೆಲಸ ಬಲ್ಲವರು ಮಾತ್ರ ಬಿಚ್ಚಲಿ. "ಒಳಗೆ ಕಂಪ್ಯೂಟರ್ ಇದೆ" ಎಂಬ ಸಂದೇಶ ಫಾರ್ವರ್ಡ್ ಮಾಡುವುದಿದ್ದರೆ, "3.3 ವೋಲ್ಟ್ ಎಂದು ಬರೆದಲ್ಲೂ 230 ಇರಬಹುದು" ಎಂಬ ಈ ಒಂದು ಸಾಲನ್ನೂ ಜೊತೆಗೆ ಕಳಿಸಿ.