ಸನದಿನಿಂದ ಮತದವರೆಗೆ: ಶಿರಾ ಸೀಮೆಯ ಆಳ್ವಿಕೆಯ ಇತಿಹಾಸ

ಇಂದು ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿರುವ ಶಿರಾ, 1687ರಿಂದ 1757ರವರೆಗೆ ಮೊಗಲ್ ಸಾಮ್ರಾಜ್ಯದ ಒಂದು ಪ್ರಾಂತ್ಯದ ರಾಜಧಾನಿಯಾಗಿತ್ತು. ಆ ಪ್ರಾಂತ್ಯದ ಹೆಸರು ಕರ್ನಾಟಕ-ಬಿಜಾಪುರ-ಬಾಲಾಘಾಟ್. ಅದನ್ನು ಆಳುತ್ತಿದ್ದವನು ಸುಬೇದಾರ. ಅವನನ್ನು ನೇಮಿಸುತ್ತಿದ್ದವನು ಬಾದಶಹ. ಶಿರಾ ಮತ್ತು ಅದರ ನೆರೆಯ ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಗಳಲ್ಲಿ ಆಳುವವರನ್ನು ಜನರೇ ಆರಿಸುವ ಪದ್ಧತಿ ನೆಲೆಗೊಂಡದ್ದು ಈ ಸುಬೇದಾರಿಕೆ ಅಳಿದು ಸುಮಾರು ಇನ್ನೂರು ವರ್ಷಗಳಾದ ಮೇಲೆ.

ಮೊಗಲರಿಗಿಂತ ಮೊದಲು ಈ ಬಯಲುಸೀಮೆಯಲ್ಲಿ ಪಾಳೆಯಗಾರರ ಕಾಲ. ಬೆಟ್ಟವೊಂದನ್ನು ಹಿಡಿದು ಕೋಟೆ ಕಟ್ಟಿದವನ ಮನೆತನ ಸುತ್ತಲಿನ ಹಳ್ಳಿಗಳನ್ನು ಆಳುತ್ತಿತ್ತು. ಏಕಶಿಲೆಯಾಗಿ ಮೇಲೆದ್ದ ಮಧುಗಿರಿ ಬೆಟ್ಟದ ಮೇಲೆ ಮೊದಲು ಕೋಟೆ ಕಟ್ಟಿಸಿದವನು ರಾಜಾ ಹಿರೇಗೌಡ. ಪಾವಗಡ, ನಿಡುಗಲ್ಲು, ಕೊರಟಗೆರೆಗಳಿಗೂ ಅವುಗಳದೇ ಪಾಳೆಯಗಾರರಿದ್ದರು. ಶಿರಾ ಕೋಟೆಗೆ ಅಡಿಪಾಯ ಹಾಕಿದವನು ರತ್ನಗಿರಿಯ ರಂಗಪ್ಪ ನಾಯಕ. ಕೋಟೆ ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಅದನ್ನು ಗೆದ್ದುಕೊಂಡ. ಬಿಜಾಪುರದ ಪರವಾಗಿ ಶಿರಾವನ್ನು ಆಳಿದ ಮಲಿಕ್ ರೈಹಾನನ ಗೋರಿ ಈಗಲೂ ಊರಿನಲ್ಲಿದೆ. ಪಾಳೆಯಗಾರಿಕೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಬಿಜಾಪುರದ ಅಧಿಕಾರಿಯಾದರೋ ದೂರದ ದರಬಾರಿನ ಆಜ್ಞೆ ಹೊತ್ತು ಬಂದವನು. ಶಿರಾ ಇಂಥ ನೇಮಕವನ್ನು ಕಂಡದ್ದು ಹೀಗೆ.

1686ರಲ್ಲಿ ಔರಂಗಜೇಬ ಬಿಜಾಪುರವನ್ನು ವಶಪಡಿಸಿಕೊಂಡ. ಮರುವರ್ಷ ಖಾಸಿಂ ಖಾನ್ ಶಿರಾದ ಮೊದಲ ಮೊಗಲ್ ಸುಬೇದಾರನಾದ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಅವನ ನೇರ ಆಡಳಿತಕ್ಕೆ ಸೇರಿದವು. ಹರಪನಹಳ್ಳಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ, ಮೈಸೂರು ಮೊದಲಾದ ಸಂಸ್ಥಾನಗಳಿಂದ ಕಪ್ಪ ವಸೂಲಿ ಮಾಡುವುದೂ ಅವನ ಹೊಣೆಯಾಯಿತು. ಅದೇ ವರ್ಷ ಬೆಂಗಳೂರನ್ನು ಹಿಡಿದ ಖಾಸಿಂ ಖಾನ್, ಅದನ್ನು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟ.

ಸುಬೇದಾರನ ಅಧಿಕಾರಕ್ಕೆ ಆಧಾರ ಸನದು, ಎಂದರೆ ಮೊಹರು ಬಿದ್ದ ಅಧಿಕಾರಪತ್ರ. ಆ ಅಧಿಕಾರ ಉಳಿಯಬೇಕಾದರೆ ಮೇಲಕ್ಕೆ ಹಣ ಹೋಗುತ್ತಿರಬೇಕು. ಹದಿನೆಂಟನೇ ಶತಮಾನದ ಆರಂಭದಲ್ಲಿ ಶಿರಾ ಆರ್ಕಾಟಿನ ನವಾಬ ಸಾದತುಲ್ಲಾ ಖಾನನ ಕೈಯಲ್ಲೇ ಇತ್ತು. ಅದನ್ನು ಬೇರ್ಪಡಿಸಿ ಅಮೀನ್ ಖಾನನಿಗೆ ಕೊಟ್ಟಾಗ ಮೈಸೂರಿನ ಕಪ್ಪ ಯಾರಿಗೆ ಸಲ್ಲಬೇಕೆಂಬ ಜಗಳ ಹುಟ್ಟಿತು. ಕಡಪ, ಕರ್ನೂಲು, ಸವಣೂರುಗಳ ನವಾಬರೂ ಗುತ್ತಿಯ ಮರಾಠಾ ಸರದಾರನೂ ಸಾದತುಲ್ಲಾ ಖಾನನ ಜೊತೆಗೂಡಿದರು. ಕೊನೆಗೆ ಎರಡೂ ಕಡೆಯವರು ರಾಜಿಯಾಗಿ ಒಟ್ಟಿಗೇ ಶ್ರೀರಂಗಪಟ್ಟಣದ ಮೇಲೆ ನಡೆದು, ಒಂದು ಕೋಟಿ ರೂಪಾಯಿ ಕಿತ್ತುಕೊಂಡು ಹಂಚಿಕೊಂಡರು. ಒಂದು ನೇಮಕದ ಬೆಲೆಯನ್ನು ತೆತ್ತವರು ಅದರಲ್ಲಿ ಯಾವ ಮಾತೂ ಇಲ್ಲದ ರೈತರು.

ಸುಬೇದಾರರ ಪೈಕಿ ಹೆಚ್ಚು ಹೆಸರಾದವನು ದಿಲಾವರ್ ಖಾನ್. ಅವನ ಕಾಲದಲ್ಲಿ ಶಿರಾದಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂಬ ಪ್ರತೀತಿಯಿದೆ. ಅವನು ಕಟ್ಟಿಸಿದ ಅರಮನೆಯೇ ಮುಂದೆ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದು ಹೇಳುತ್ತಾರೆ. 1696ರ ಜುಮ್ಮಾ ಮಸೀದಿ ಮತ್ತು ಕೋಟೆಯ ಕಂದಕ ಶಿರಾದ ಹಳೆಯ ವೈಭವದ ಕುರುಹುಗಳಾಗಿ ಉಳಿದಿವೆ.

1757ರಲ್ಲಿ ಶಿರಾ ಮರಾಠರ ಪಾಲಾಯಿತು. 1761ರಲ್ಲಿ ನಿಜಾಮನ ಸೋದರ ಬಸಾಲತ್ ಜಂಗ್ ಹೊಸಕೋಟೆಗೆ ಮುತ್ತಿಗೆ ಹಾಕಿ ಕುಳಿತಿದ್ದ. ಅವನ ಬಳಿ ಹಣವಿರಲಿಲ್ಲ. ಹೈದರಾಲಿ ಅವನಿಗೆ ಮೂರು ಲಕ್ಷ ರೂಪಾಯಿ ಕೊಟ್ಟು ಶಿರಾದ ನವಾಬನೆಂಬ ಪದವಿಯನ್ನು ಪಡೆದುಕೊಂಡ. ಆ ಹೊತ್ತಿಗೆ ಶಿರಾ ಇನ್ನೂ ಮರಾಠರ ಕೈಯಲ್ಲೇ ಇತ್ತು. ಕೊಟ್ಟವನ ವಶದಲ್ಲೂ ಕೊಂಡವನ ವಶದಲ್ಲೂ ಇಲ್ಲದ ಪ್ರಾಂತ್ಯ ಕಾಗದದ ಮೇಲೆ ಕೈ ಬದಲಾಯಿಸಿತು. ಊರು ಆಮೇಲೆ ದಂಡಿನ ಬಲದಿಂದ ಸಿಕ್ಕಿತು. 1766ರಲ್ಲಿ ಅದು ಮತ್ತೆ ಮರಾಠರಿಗೆ ಹೋಯಿತು. 1774ರಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದ. ಶ್ರೀರಂಗಪಟ್ಟಣದ ಬಳಿ ಗಂಜಾಂ ಪೇಟೆ ಕಟ್ಟಲು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ಒಯ್ಯಲಾಯಿತು. ಶಿರಾ ಆಮೇಲೆ ಮೊದಲಿನಂತಾಗಲಿಲ್ಲ.

ಇದೇ ಕಾಲದಲ್ಲಿ ಮಧುಗಿರಿ ಬೆಟ್ಟ ರಾಜಕೀಯ ಸೆರೆಮನೆಯಾಗಿತ್ತು. 1763ರಲ್ಲಿ ಬಿದನೂರು ಬಿದ್ದಾಗ ಹೈದರಾಲಿ ರಾಣಿ ವೀರಮ್ಮಾಜಿಯನ್ನು ಇಲ್ಲಿ ಸೆರೆಯಿಟ್ಟ. 1767ರಲ್ಲಿ ಮಾಧವರಾವ್ ಪೇಶ್ವೆಯ ಸೇನೆ ಬಂದ ಮೇಲಷ್ಟೇ ಆಕೆಗೆ ಬಿಡುಗಡೆಯಾಯಿತು. ಮುಂದೆ ಮೈಸೂರು ರಾಜ್ಯ ಆರು ಫೌಜುದಾರಿಗಳಾಗಿ, ಎಂದರೆ ಆಡಳಿತ ವಿಭಾಗಗಳಾಗಿ, ಇದ್ದಾಗ ಮಧುಗಿರಿಯೂ ಒಂದು ಫೌಜುದಾರಿಯ ಕೇಂದ್ರವಾಯಿತು. 1831ರಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತ ಬಂದಿತು. ಫೌಜುದಾರ, ಸೂಪರಿಂಟೆಂಡೆಂಟ್, ಡೆಪ್ಯುಟಿ ಕಮಿಷನರ್ ಎಂದು ಹೆಸರುಗಳು ಬದಲಾದವು. ಮೇಲಿನಿಂದ ಬರುವ ನೇಮಕದ ಕ್ರಮ ಬದಲಾಗಲಿಲ್ಲ.

ಮೊದಲ ಬದಲಾವಣೆ, ಆಡಳಿತ ಒಡೆಯರಿಗೆ ಮರಳಿದ 1881ರದು. ದಿವಾನ್ ರಂಗಾಚಾರ್ಲು ಅವರ ಸಲಹೆಯಂತೆ ಚಾಮರಾಜೇಂದ್ರ ಒಡೆಯರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅಕ್ಟೋಬರ್ 7ರಂದು 144 ಸದಸ್ಯರ ಮೊದಲ ಸಭೆ ಸೇರಿತು. ತಾಲ್ಲೂಕುಗಳಿಂದ ರೈತರೂ ವರ್ತಕರೂ ದಸರೆಗೆ ಮೈಸೂರಿಗೆ ಹೋಗಿ ಕೆರೆ, ರಸ್ತೆ, ಕಂದಾಯಗಳ ಅಹವಾಲು ಹೇಳಿಕೊಳ್ಳುವಂತಾಯಿತು. 1891ರಿಂದ ಸದಸ್ಯರ ಚುನಾವಣೆ ಬಂದಿತು. ಆಸ್ತಿಯೋ ವಿದ್ಯೆಯೋ ಇದ್ದವರಿಗೆ ಮಾತ್ರ ಮತವಿದ್ದರೂ ಅದು ದೊಡ್ಡ ಹೆಜ್ಜೆ. 1923ರ ಸುಧಾರಣೆಯಲ್ಲಿ ಮಹಿಳೆಯರಿಗೂ ಮತದಾನದ ಹಕ್ಕು ದೊರೆಯಿತು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಅಧಿಕಾರ ವಹಿಸಿಕೊಂಡಿತು.

ರಾಜ್ಯಪಾಲರನ್ನು ಜನರೇ ಆರಿಸಬೇಕೆ ಎಂಬ ಪ್ರಶ್ನೆ ಆಗ ಇಡೀ ದೇಶದ ಮುಂದಿತ್ತು. ಸಂವಿಧಾನ ಸಭೆ 1947ರಲ್ಲಿ ನೇರ ಚುನಾವಣೆಯನ್ನೇ ಒಪ್ಪಿತ್ತು. ಜನರಿಂದ ಆರಿಸಿಬಂದ ಮುಖ್ಯಮಂತ್ರಿಗೂ ಜನರಿಂದಲೇ ಆರಿಸಿಬಂದ ರಾಜ್ಯಪಾಲರಿಗೂ ತಿಕ್ಕಾಟವಾಗಬಹುದೆಂದು 1949ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು, ರಾಷ್ಟ್ರಪತಿಯಿಂದ ನೇಮಕವೆಂದು ತೀರ್ಮಾನಿಸಿತು. ಸಂವಿಧಾನದ 155ನೇ ವಿಧಿ ಹೇಳುವುದು ಇದನ್ನೇ. ಮೈಸೂರಿನಲ್ಲಿ ಜಯಚಾಮರಾಜ ಒಡೆಯರು ಮೊದಲು ರಾಜಪ್ರಮುಖರಾಗಿ, 1956ರಿಂದ ರಾಜ್ಯಪಾಲರಾಗಿ ಇದ್ದರು. ಹೋಲಿಕೆಗೆ ರಷ್ಯಾವನ್ನು ನೋಡಬಹುದು: ಅಲ್ಲಿ ರಾಜ್ಯಪಾಲನೇ ಪ್ರಾಂತ್ಯದ ಕಾರ್ಯಾಂಗದ ಮುಖ್ಯಸ್ಥ. ಅಲ್ಲಿ 1990ರ ದಶಕದಲ್ಲಿ ಬಂದ ನೇರ ಚುನಾವಣೆಯನ್ನು 2004ರಲ್ಲಿ ಬೆಸ್ಲಾನ್ ಪಟ್ಟಣದ ಶಾಲೆಯ ಮೇಲೆ ಉಗ್ರರು ನಡೆಸಿದ ದಾಳಿಯ ಬಳಿಕ ರದ್ದು ಮಾಡಿ, 2012ರಲ್ಲಿ ಮತ್ತೆ ತರಲಾಯಿತು. ಆದರೆ ಸ್ಥಳೀಯ ಸಭೆಗಳ ಸದಸ್ಯರ ಸಹಿಯಿಲ್ಲದೆ ಅಭ್ಯರ್ಥಿ ಕಣಕ್ಕೆ ಇಳಿಯುವಂತಿಲ್ಲ. ಭಾರತದಲ್ಲಾದರೋ ರಾಜ್ಯದ ಕಾರ್ಯಾಂಗ ಮಂತ್ರಿಮಂಡಲದ ಕೈಯಲ್ಲಿದೆ. ಆದ್ದರಿಂದ ಜನರ ಆಯ್ಕೆಯ ಬಲವೆಲ್ಲ ಶಾಸಕನ ಸ್ಥಾನದಲ್ಲಿದೆ.

1951-52ರ ಮೊದಲ ಮಹಾಚುನಾವಣೆಯಲ್ಲಿ ವಯಸ್ಕರೆಲ್ಲರಿಗೂ ಮತ ಸಿಕ್ಕಿತು. ಇಂದು ಮತಗಟ್ಟೆಯಲ್ಲಿ ಎಡಗೈಯ ತೋರುಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯದು. ಉಗುರಿನ ಮೇಲೂ ಚರ್ಮದ ಮೇಲೂ ಸೇರಿಸಿ ಎಳೆದ ಆ ಗೆರೆ ಉಗುರು ಬೆಳೆದಂತೆ ಮೆಲ್ಲಗೆ ಮೇಲೇರಿ, ವಾರಗಳ ನಂತರ ಹೋಗುತ್ತದೆ.

ಈಗ ನಾಲ್ಕು ತಾಲ್ಲೂಕುಗಳಿಗೂ ಒಂದೊಂದು ವಿಧಾನಸಭಾ ಕ್ಷೇತ್ರವಿದೆ. ಲೋಕಸಭೆಗೆ ಶಿರಾ, ಪಾವಗಡಗಳು ಚಿತ್ರದುರ್ಗ ಕ್ಷೇತ್ರಕ್ಕೆ ಸೇರಿವೆ. ಮಧುಗಿರಿ, ಕೊರಟಗೆರೆಗಳು ತುಮಕೂರಿಗೆ. ಪಾವಗಡವೂ 2008ರಿಂದ ಕೊರಟಗೆರೆಯೂ ಪರಿಶಿಷ್ಟ ಜಾತಿಗೆ ಮೀಸಲು. ಮಧುಗಿರಿಯಿಂದ ಹಲವು ಸಲ ಗೆದ್ದು, 2008ರಲ್ಲಿ ಕೊರಟಗೆರೆಗೆ ಬಂದ ಜಿ. ಪರಮೇಶ್ವರ ಅವರು 2018ರಲ್ಲಿ ಉಪಮುಖ್ಯಮಂತ್ರಿಯಾದರು. ಪಾಳೆಯಗಾರರ ಮತ್ತು ಸುಬೇದಾರರ ಕಾಲದಲ್ಲಿ ಅಧಿಕಾರದ ಹತ್ತಿರಕ್ಕೂ ಸೇರಿಸದಿದ್ದ ಸಮುದಾಯಗಳು ಆಳುವ ಸ್ಥಾನಕ್ಕೆ ಬಂದದ್ದು ಈ ಸೀಮೆಯ ಚರಿತ್ರೆಯಲ್ಲೇ ಅತ್ಯಂತ ದೊಡ್ಡ ಪಲ್ಲಟ.

ಶಿರಾದಲ್ಲಿ 2018ರಲ್ಲಿ ಗೆದ್ದ ಜೆಡಿಎಸ್‌ನ ಬಿ. ಸತ್ಯನಾರಾಯಣ 2020ರಲ್ಲಿ ನಿಧನರಾದರು. ನವೆಂಬರ್ 3ರ ಉಪಚುನಾವಣೆಯಲ್ಲಿ ರಾಜೇಶ್ ಗೌಡ ಅವರು ಬಿಜೆಪಿಗೆ ಇಲ್ಲಿ ಮೊದಲ ಗೆಲುವು ತಂದರು. 2023ರಲ್ಲಿ ಕಾಂಗ್ರೆಸ್ಸಿನ ಟಿ.ಬಿ. ಜಯಚಂದ್ರ ಗೆದ್ದರು. ಐದು ವರ್ಷಗಳಲ್ಲಿ ಮೂರು ಪಕ್ಷಗಳಿಗೆ ಸ್ಥಾನ ಬದಲಾಯಿತು. 1757 ಮತ್ತು 1774ರ ನಡುವೆಯೂ ಶಿರಾ ಹೀಗೆ ಹಲವು ಸಲ ಕೈ ಬದಲಾಯಿಸಿತ್ತು. ಆಗ ಪ್ರತಿ ಬದಲಾವಣೆಗೂ ದಂಡು ಬರಬೇಕಾಗಿತ್ತು. ಈಗ ಊರಿನವರು ಸಾಲಿನಲ್ಲಿ ನಿಂತರೆ ಸಾಕು.