ರಾಡೆಗೊಂಡ್ ಅಜ್ಜಿಯ ವಯಸ್ಸೆಷ್ಟು?

ನಿಮ್ಮ ಅಜ್ಜಿಯ ಅಜ್ಜಿಯ ಹೆಸರೇನು? ತಕ್ಷಣ ಹೇಳೋಕಾಗುತ್ತಾ? ನನಗಂತೂ ಆಗಲಿಲ್ಲ. ದೊಡ್ಡಪ್ಪ ಬರೆದಿಟ್ಟ ವಂಶವೃಕ್ಷ ಮನೆಯಲ್ಲಿದೆ. ಏಳು ತಲೆಮಾರಿನ ಗಂಡಸರ ಹೆಸರು ಅದರಲ್ಲಿ ಸಾಲಾಗಿ ಕೂತಿದೆ. ಹೆಂಗಸರ ಜಾಗದಲ್ಲಿ ಮಾತ್ರ ಮೂರನೇ ತಲೆಮಾರಿಗೇ ಬರೀ ಗೆರೆ.

ಆ ಗೆರೆ ತಲೆ ಕೊರೆಯುತ್ತಿದ್ದಾಗ ಸಿಕ್ಕವಳು ರಾಡೆಗೊಂಡ್ ಲಾಂಬೆರ್. ನಮಗೂ ಅವಳಿಗೂ ಯಾವ ಸಂಬಂಧವೂ ಇಲ್ಲ. ಅವಳು ಹದಿನೇಳನೇ ಶತಮಾನದ ಅಕೇಡಿಯಾದವಳು. ಅಂದರೆ ಈಗಿನ ಕೆನಡಾದ ಪೂರ್ವ ಕರಾವಳಿಯಲ್ಲಿ, ನೋವಾ ಸ್ಕೋಷಿಯಾದ ಸುತ್ತಮುತ್ತ ಫ್ರೆಂಚರು ಕಟ್ಟಿದ ವಸಾಹತು. ನಾನೇನು ಇತಿಹಾಸ ಓದಿದವಳಲ್ಲ. ಆದರೆ ಬರೀ ಎರಡು ಸಾಲಿನ ದಾಖಲೆ ಇರುವ ಒಬ್ಬ ಹೆಂಗಸಿನ ಮೂಲವನ್ನು ಅವಳ ವಂಶದವರು ಹೇಗೆ ಹುಡುಕಿದರು ಅನ್ನೋ ಕುತೂಹಲಕ್ಕೆ ಬೆನ್ನು ಹತ್ತಿದೆ. ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. 1632ರಲ್ಲಿ ರಜಿಲ್ಲಿ ಅನ್ನುವ ಅಧಿಕಾರಿ ಸುಮಾರು 300 ಜನರೊಂದಿಗೆ ಅಕೇಡಿಯಾಕ್ಕೆ ಬಂದಿಳಿದ. ಅವನು ತೀರಿಕೊಂಡ ಮೇಲೆ ವಸಾಹತಿನ ಕೇಂದ್ರ ಪೋರ್ಟ್ ರಾಯಲ್‌ಗೆ ಹೋಯಿತು. ಆಮೇಲೆ 1654ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು, 1667ರ ಬ್ರೆಡಾ ಒಪ್ಪಂದದಲ್ಲಿ ವಾಪಸು ಕೊಡಲು ಒಪ್ಪಿದರು, 1670ರಲ್ಲಿ ಫ್ರೆಂಚ್ ಗವರ್ನರ್ ಮತ್ತೆ ಬಂದ. ಇಷ್ಟು ವರ್ಷದಲ್ಲಿ ಇಲ್ಲಿ ಯಾರಿದ್ದಾರೆ, ಎಷ್ಟು ದನ ಇದೆ, ಎಷ್ಟು ಹೊಲ ಇದೆ? ಲೆಕ್ಕ ಬೇಕಲ್ಲ. ಅದಕ್ಕೇ 1671ರ ಜನಗಣತಿ.

ಲೋರಾಂ ಮೊಲಾಂ ಅನ್ನೋ ಪಾದ್ರಿ ಮನೆಮನೆ ತಿರುಗಿ ಬರೆದುಕೊಂಡ ಪಟ್ಟಿ ಇದು. ಒಟ್ಟು ಸುಮಾರು 400 ಜನ. ಓದೋಕೆ ತಮಾಷೆಯಾಗಿದೆ. ಪಿಯೆರ್ ಮೆಲಾಂಸೋಂ ಅನ್ನೋ ದರ್ಜಿ ವಯಸ್ಸೂ ಹೇಳಲಿಲ್ಲ, ದನದ ಲೆಕ್ಕವನ್ನೂ ಕೊಡಲಿಲ್ಲ. ಇಂಥದ್ದಕ್ಕೆಲ್ಲ ಬೀದಿ ಅಲೆಯೋಕೆ ನಿಮಗೇನು ಹುಚ್ಚಾ ಅಂತ ಅವನ ಹೆಂಡತಿ ಪಾದ್ರಿಯನ್ನೇ ದಬಾಯಿಸಿದಳಂತೆ. ಪಿಯೆರ್ ಲಾನೂ ಅನ್ನೋ ಪೀಪಾಯಿ ಮಾಡುವವನು, ನಾನು ಚೆನ್ನಾಗಿದ್ದೇನೆ, ವಯಸ್ಸು ಮಾತ್ರ ಹೇಳಲ್ಲ ಅಂತ ಹೇಳಿ ಕಳಿಸಿದ. ಪಾಪ, ಪಾದ್ರಿ ಇದನ್ನೆಲ್ಲ ಹಾಗ್ಹಾಗೇ ಬರೆದಿಟ್ಟಿದ್ದಾರೆ.

ಆ ಪಟ್ಟಿಯಲ್ಲೇ ನಮ್ಮ ರಾಡೆಗೊಂಡ್ ಮೊದಲ ಸಲ ಕಾಣಿಸಿಕೊಳ್ಳೋದು. ಝಾನ್ ಬ್ಲಾಂಶಾರ್, ರೈತ, ವಯಸ್ಸು 60. ಹೆಂಡತಿ ರಾಡೆಗೊಂಡ್ ಲಾಂಬೆರ್, ವಯಸ್ಸು 42. ಆರು ಮಕ್ಕಳು. ಮದುವೆಯಾದವರು ಮ್ಯಾಡಲೀನ್ 28, ಆನ್ 26, ಮಾರ್ತಿನ್ 24. ಆಗದವರು ಗಿಯೋಮ್ 21, ಬೆರ್ನಾರ್ 18, ಮಾರಿ 15.

ಗಮನಿಸಿ, ಅವಳನ್ನು ಬ್ಲಾಂಶಾರ್ ಅಂತ ಬರೆದಿಲ್ಲ, ಲಾಂಬೆರ್ ಅಂತಲೇ ಬರೆದಿದ್ದಾರೆ. ಮದುವೆಯಾದ ಮೇಲೂ ದಾಖಲೆಯಲ್ಲಿ ಹೆಂಗಸಿಗೆ ತವರಿನ ಹೆಸರೇ ಇರೋದು ಫ್ರೆಂಚರ ರೂಢಿ. ಆ ಒಂದು ರೂಢಿ ಇಲ್ಲದೇ ಹೋಗಿದ್ದರೆ ಇವಳೂ ಒಂದು ಗೆರೆಯೇ ಆಗುತ್ತಿದ್ದಳು.

ಈಗ ಲೆಕ್ಕ ಹಾಕಿ. ತಾಯಿಗೆ 42, ಹಿರಿಮಗಳಿಗೆ 28. ಅಂದರೆ ಹದಿನಾಲ್ಕಕ್ಕೇ ಮೊದಲ ಹೆರಿಗೆ! ಪಾದ್ರಿ ತಪ್ಪು ಬರೆದಿರಬೇಕು ಅಂದುಕೊಂಡೆ. ಆದರೆ ಅದೇ ಪಟ್ಟಿಯಲ್ಲಿ ಮಗಳು ಮ್ಯಾಡಲೀನ್‌ಳ ಮನೆ ಹುಡುಕಿದರೆ, 28ರ ಅವಳಿಗೆ ಏಳು ಮಕ್ಕಳು, ದೊಡ್ಡವನು ರೆನೆಗೆ ಆಗಲೇ 14 ವರ್ಷ. ಕೊನೆಯವು ಐದು ವಾರದ ಅವಳಿ ಕೂಸುಗಳು. ಅಂದರೆ ಮಗಳಿಗೂ ಹದಿನಾಲ್ಕಕ್ಕೇ ಹೆರಿಗೆ. ನಮಗೆ ಅಸಾಧ್ಯ ಅನಿಸಿದ್ದೆಲ್ಲ ಅವರಿಗೂ ಅಸಾಧ್ಯ ಆಗಿರಲೇಬೇಕು ಅಂತೇನಿಲ್ಲ.

ಹದಿನೈದು ವರ್ಷದ ನಂತರ, 1686ರಲ್ಲಿ ಇನ್ನೊಂದು ಜನಗಣತಿ. ಝಾನ್ ಬ್ಲಾಂಶಾರ್‌ಗೆ 75. ಸರಿಯಾಗಿದೆ, 60ಕ್ಕೆ 15 ಕೂಡಿಸಿದರೆ 75. ರಾಡೆಗೊಂಡ್‌ಗೆ? 65! ಗಂಡನಿಗೆ ಹದಿನೈದು ವರ್ಷ ಕಳೆದರೆ ಹೆಂಡತಿಗೆ ಇಪ್ಪತ್ತಮೂರು ವರ್ಷ ಕಳೆದಿದೆ. ಎರಡನೆಯದನ್ನು ನಂಬಿದರೆ ಅವಳು ಹುಟ್ಟಿದ್ದು 1621ರ ಸುಮಾರಿಗೆ, ಮ್ಯಾಡಲೀನ್ ಹುಟ್ಟಿದಾಗ 22 ವರ್ಷ. ವಂಶಾವಳಿಯವರು ಸಾಮಾನ್ಯವಾಗಿ ಇದನ್ನೇ ಒಪ್ಪುತ್ತಾರೆ. ನನಗೂ ಇದೇ ಸರಿ ಅನಿಸುತ್ತೆ. ಆದರೆ ಒಂದು ಮಾತು. ಎರಡು ಸಲವೂ ಗಂಡನ ವಯಸ್ಸು ತಾಳೆಯಾಗುತ್ತದೆ, ತಪ್ಪಿದ್ದು ಇವಳದ್ದು ಮಾತ್ರ. ಬಾಗಿಲಲ್ಲಿ ನಿಂತು ಉತ್ತರ ಕೊಟ್ಟವರು ಯಾರು? ಒಳಗೆ ಕೆಲಸದಲ್ಲಿದ್ದವಳನ್ನು ಯಾರಾದರೂ ಕರೆದು ಕೇಳಿದರಾ?

ಅವಳ ಬಗ್ಗೆ ಇರುವ ದಾಖಲೆ ಇಷ್ಟೇ. ಪೋರ್ಟ್ ರಾಯಲ್ ಚರ್ಚಿನ ಪುಸ್ತಕಗಳು ಉಳಿದಿರೋದು 1702ರಿಂದೀಚೆಗೆ. ಅವಳ ಮದುವೆಯಾಗಲಿ, ಅವಳ ಆರು ಮಕ್ಕಳ ನಾಮಕರಣವಾಗಲಿ ಅದರಲ್ಲಿ ಸಿಗೋದಿಲ್ಲ.

ಕಥೆ ಮತ್ತೆ ಶುರುವಾಗೋದು ಒಂದು ದೊಡ್ಡ ದುರಂತದಿಂದ. 1755ರಲ್ಲಿ ಬ್ರಿಟಿಷರು ಅಕೇಡಿಯಾದವರನ್ನು ಹಡಗಿಗೆ ತುಂಬಿ ಊರು ಬಿಡಿಸೋಕೆ ಶುರು ಮಾಡಿದರು. 1763ರ ಹೊತ್ತಿಗೆ ಸುಮಾರು 10,000 ಜನ ದಿಕ್ಕಾಪಾಲು. ಸಮುದ್ರದ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಹೊಲ, ಮನೆ, ದನ ಎಲ್ಲ ಅಲ್ಲೇ. ಕೆಲವರನ್ನು ವರ್ಜೀನಿಯಾಕ್ಕೆ ಕಳಿಸಿದರು, ಅಲ್ಲಿನವರು ಬೇಡ ಅಂದಿದ್ದಕ್ಕೆ ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿ ಏಳು ವರ್ಷ ಕೊಳೆತು, 1763ರಲ್ಲಿ ಫ್ರಾನ್ಸಿಗೆ ಬಂದರು. ಅವರಲ್ಲಿ 78 ಕುಟುಂಬಗಳಿಗೆ 1765ರಲ್ಲಿ ಬ್ರಿಟನಿ ಕರಾವಳಿಯ ಬೆಲ್-ಈಲ್ ದ್ವೀಪದಲ್ಲಿ ಜಾಗ ಸಿಕ್ಕಿತು.

ಕಾಗದಪತ್ರ ಕಳಕೊಂಡ ಇವರು ಯಾರ ಮಕ್ಕಳು, ಎಲ್ಲಿಂದ ಬಂದವರು ಅಂತ ಗೊತ್ತಾಗೋದು ಹೇಗೆ? 1767ರಲ್ಲಿ ಕೋರ್ಟಿನ ಆದೇಶದಂತೆ ಒಬ್ಬೊಬ್ಬರೇ ಬಂದು, ಪ್ರಮಾಣ ಮಾಡಿ, ತಮ್ಮ ವಂಶವನ್ನು ಬಾಯಲ್ಲೇ ಹೇಳಿ ಬರೆಸಿದರು. ಎಲ್ಲ ಕಳಕೊಂಡ ಜನ ಅಜ್ಜ-ಮುತ್ತಜ್ಜರ ಹೆಸರನ್ನು ನೆನಪಿನಿಂದ ಒಪ್ಪಿಸುತ್ತಿರೋ ಆ ದೃಶ್ಯ ಊಹಿಸಿಕೊಂಡರೆ ಗಂಟಲು ಕಟ್ಟುತ್ತೆ.

ಬ್ಲಾಂಶಾರ್ ವಂಶದ ಫ್ರಾನ್ಸ್ವಾಜ್‌ಳ ಗಂಡ ಝಾನ್ ಲೆಬ್ಲಾಂ ಕೂಡ ಬರೆಸಿದ. ನನ್ನ ಹೆಂಡತಿಯ ಮೂಲಪುರುಷ ಗಿಯೋಮ್ ಬ್ಲಾಂಶಾರ್, ಹೆಂಡತಿ ಯುಗೆಟ್ ಪ್ವಾರಿಯೆ ಜೊತೆ ಫ್ರಾನ್ಸಿನಿಂದ ಬಂದವನು ಅಂದ. ಅದೇ ಕುಟುಂಬದ ಇನ್ನಿಬ್ಬರೂ ಹೀಗೇ ಹೇಳಿದರು. ಅಯ್ಯೋ, ಝಾನ್ ಎಲ್ಲಿ? ರಾಡೆಗೊಂಡ್ ಎಲ್ಲಿ?

ಈ ಗಂಟು ಬಿಚ್ಚಿದವರು ಮೊಂಕ್ಟನ್ ವಿಶ್ವವಿದ್ಯಾಲಯದ ವಂಶಾವಳಿ ತಜ್ಞ ಸ್ಟೀಫನ್ ವೈಟ್. ಅಕೇಡಿಯಾದ ಕುಟುಂಬಗಳ ನಿಘಂಟನ್ನು 1999ರಲ್ಲಿ ಪ್ರಕಟಿಸಿದವರು. ಗಿಯೋಮ್ ಅಂದರೆ ರಾಡೆಗೊಂಡ್‌ಳ ಮಗ, 1671ರಲ್ಲಿ ಮದುವೆಯಾಗದೇ ಇದ್ದವನು. ಮುಂದೆ ಅವನ ಹೆಂಡತಿಯಾದವಳು ಯುಗೆಟ್ ಗೂಝೋಂ. ಯುಗೆಟ್‌ಳ ತಾಯಿಯ ಮೊದಲ ಗಂಡ ಒಬ್ಬ ಪ್ವಾರಿಯೆ. ಅಂದರೆ ಮಗ-ಸೊಸೆಯ ಹೆಸರು ಅಪ್ಪ-ಅಮ್ಮನ ಮೇಲೆ ಕೂತು, ಸೊಸೆಯ ಮನೆಹೆಸರೂ ಅದಲುಬದಲಾಗಿತ್ತು. ನಾಲ್ಕು ತಲೆಮಾರು, ಒಂದು ಗಡೀಪಾರು. ನೆನಪು ಇಷ್ಟಾದರೂ ಉಳಿದಿದ್ದೇ ದೊಡ್ಡದು ಬಿಡಿ.

ಆದರೆ ಈ ತಪ್ಪಿನಿಂದ ಒಂದು ಸಂದೇಹಕ್ಕೆ ದಾರಿಯಾಯಿತು. ಹೆಸರೇ ತಪ್ಪು ಅಂದಮೇಲೆ ಹೆಂಡತಿ ಜೊತೆ ಫ್ರಾನ್ಸಿನಿಂದ ಬಂದ ಅನ್ನೋ ಮಾತನ್ನು ನಂಬೋದು ಹೇಗೆ? ರಾಡೆಗೊಂಡ್ ಆ ನೆಲದ ಮೂಲನಿವಾಸಿಗಳಾದ ಮಿಕ್‌ಮಾಕ್ ತಾಯಿಯ ಮಗಳು ಅಂತ ಕೆಲವರ ವಂಶವೃಕ್ಷಗಳಲ್ಲಿ ಬಂತು. ಆಗದ ಮಾತೇನಲ್ಲ. ಅಕೇಡಿಯಾದ ಗವರ್ನರ್ ಆಗಿದ್ದ ಶಾರ್ಲ್ ದ ಲಾ ತೂರ್ ಕೂಡ ಮಿಕ್‌ಮಾಕ್ ಹೆಂಗಸಿನ ಜೊತೆ ಸಂಸಾರ ಮಾಡಿದ್ದವನೇ.

ಇದಕ್ಕೆ ಉತ್ತರ ಬಂದಿದ್ದು ಕಾಗದದಿಂದಲ್ಲ, ಅವಳ ಹೆಣ್ಣುಮಕ್ಕಳಿಂದ. ನಮ್ಮ ಜೀವಕೋಶದಲ್ಲಿ ಮೈಟೋಕಾಂಡ್ರಿಯಾದ ಡಿಎನ್ಎ ಅಂತ ಒಂದಿದೆ. ಅದು ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತೆ, ಆದರೆ ಮುಂದಕ್ಕೆ ದಾಟಿಸೋದು ಹೆಣ್ಣುಮಕ್ಕಳು ಮಾತ್ರ. ತುಳುನಾಡಿನವರಿಗೆ ಇದು ಬೇಗ ಅರ್ಥವಾಗುತ್ತೆ, ಅಲ್ಲಿ ಬರಿ ಅಂದರೆ ಬಳಿ ತಾಯಿಯಿಂದಲೇ ತಾನೆ ಬರೋದು. ರಾಡೆಗೊಂಡ್‌ಳಿಂದ ಮಗಳು, ಮಗಳ ಮಗಳು ಅಂತ ಸಾಲಾಗಿ ಇಳಿದು ಬಂದವರು ಪರೀಕ್ಷೆ ಮಾಡಿಸಿದರು. ಬಂದಿದ್ದು ಎಕ್ಸ್ ಗುಂಪು. ಆ ಗುಂಪಿನ ಒಂದು ಕವಲು ಅಮೆರಿಕದ ಮೂಲನಿವಾಸಿಗಳಲ್ಲಿದೆ ಅಂತ ಗೊತ್ತಿದ್ದ ಕೆಲವರು, ನೋಡಿ, ನಾವು ಹೇಳಿದ್ದೇ ಸರಿ ಅಂದರು. ಆದರೆ ಆ ಕವಲು ಎಕ್ಸ್2ಎ. ಪರೀಕ್ಷೆ ಇನ್ನೂ ಸೂಕ್ಷ್ಮವಾದಾಗ ಇವಳದ್ದು ಎಕ್ಸ್2ಬಿ4 ಅಂತ ತಿಳಿಯಿತು. ಅದು ಯುರೋಪಿನದ್ದು. ಹೆಸರು ಮರೆತಿದ್ದ ಬೆಲ್-ಈಲ್‌ನ ಜನ ಊರನ್ನು ಮರೆತಿರಲಿಲ್ಲ!

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಹದಿನೇಳನೇ ಶತಮಾನದ ಒಬ್ಬ ಅಜ್ಜಿಯನ್ನು ತೋರಿಸಿ, ನಾವೂ ಮೂಲನಿವಾಸಿಗಳು, ನಮಗೂ ಆ ಹಕ್ಕು ಬೇಕು ಅಂತ ಕೇಳುವವರು ಕೆನಡಾದಲ್ಲಿ ಹೆಚ್ಚಾಗಿದ್ದಾರೆ. ಡ್ಯಾರಿಲ್ ಲರೂ 2019ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಮಿಕ್‌ಮಾಕ್ ಜನ ಇಂದಿಗೂ ಅದೇ ನೆಲದಲ್ಲಿದ್ದಾರೆ. ಅವರ ಪಾಲಿಗೆ ಇದು ಬದುಕಿನ ಪ್ರಶ್ನೆ.

ಡಿಎನ್ಎ ಎಲ್ಲವನ್ನೂ ಹೇಳೋದಿಲ್ಲ ಅನ್ನಿ. ಅವಳ ಊರು, ಅಪ್ಪ-ಅಮ್ಮ ಯಾರು ಅಂತ ತೋರಿಸುವ ಚರ್ಚ್ ದಾಖಲೆ ಫ್ರಾನ್ಸಿನಲ್ಲಿ ಸಿಕ್ಕಿಲ್ಲ. ರಾಡೆಗೊಂಡ್ ಅನ್ನೋದು 587ರಲ್ಲಿ ತೀರಿಕೊಂಡ ರಾಣಿಯ ಹೆಸರು. ಪ್ವಾತಿಯೆ ಊರಿನಲ್ಲಿ ಮಠ ಕಟ್ಟಿಸಿ ಸಂತಳೆನಿಸಿದವಳು. ಆ ಸೀಮೆಯಲ್ಲಿ ಮಗಳಿಗೆ ಆ ಹೆಸರಿಡೋದು ಸಹಜ. ಅಕೇಡಿಯಾದ ಹಲವು ಕುಟುಂಬಗಳ ಬೇರು ಅದೇ ಸೀಮೆಯದ್ದು ಅಂತ ಭಾಷಾತಜ್ಞೆ ಜೆನೆವಿಯೆವ್ ಮಾಸಿನ್ಯೋಂ 1962ರಲ್ಲಿ ವಾದಿಸಿದ್ದರು. ಹಾಗಂತ ಹೆಸರೊಂದನ್ನೇ ಹಿಡಿದು ಊರು ತೀರ್ಮಾನ ಮಾಡಿದರೆ ಅದೂ ಇನ್ನೊಂದು ಕಟ್ಟುಕಥೆ ಆಗುತ್ತೆ.

ನನಗೆ ಮನಸ್ಸಲ್ಲಿ ಉಳಿದಿದ್ದು ಇಷ್ಟು. ಪಾದ್ರಿ ಅವಳ ವಯಸ್ಸನ್ನು ತಪ್ಪು ಬರೆದರು, ಮರಿಮಕ್ಕಳು ಹೆಸರನ್ನೇ ತಪ್ಪು ಹೇಳಿದರು, ಆಮೇಲಿನವರು ತಮಗೆ ಬೇಕಾದ ಕುಲವನ್ನು ಅಂಟಿಸಿದರು. ಹೆಣ್ಣುಮಕ್ಕಳಿಗೆ ಅವಳು ತಿಳಿಯದೇ ಕೊಟ್ಟುಹೋದದ್ದು ಮಾತ್ರ ಮುನ್ನೂರು ವರ್ಷ ದಾಟಿಯೂ ಬದಲಾಗಲಿಲ್ಲ.

ಇದನ್ನು ಬರೆಯೋ ಮೊದಲು ಅಮ್ಮನಿಗೆ ಫೋನ್ ಮಾಡಿ ಅವರ ಅಜ್ಜಿಯ ಹೆಸರು ಕೇಳಿದೆ. ಹೇಳಿದರು. ಅದು ಮದುವೆಗೆ ಮುಂಚಿನ ಹೆಸರಾ, ಆಮೇಲೆ ಇಟ್ಟಿದ್ದಾ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಯಾರೂ ಕೇಳಿರ್ಲಿಲ್ವಲ್ಲೇ" ಅಂದರು. ಸದ್ಯಕ್ಕೆ ದೊಡ್ಡಪ್ಪನ ಪುಸ್ತಕದ ಗೆರೆ ಮೇಲೆ ಆ ಹೆಸರನ್ನು ಪೆನ್ಸಿಲ್ಲಲ್ಲಿ ಬರೆದಿದ್ದೇನೆ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿಡಿ. ಸಿಕ್ಕ ಹೆಸರನ್ನು ಇಲ್ಲಿ ಬಂದು ಹೇಳಿದರೆ ಇನ್ನೂ ಖುಷಿ.