ಸ್ಟ್ಯಾಂಡ್‌ಅಪ್ ಕಾಮಿಡಿ: ವೃತ್ತಿಯಾಗಿ

ವೇಷ, ರಂಗಸಜ್ಜು, ಸಹನಟರು ಯಾವುದೂ ಇಲ್ಲದೆ ಒಬ್ಬರೇ ಮೈಕ್ ಮುಂದೆ ನಿಂತು, ಸ್ವಂತ ಸರಕಿನಿಂದ ಪ್ರೇಕ್ಷಕರನ್ನು ನಗಿಸುವ ಕಲೆ ಸ್ಟ್ಯಾಂಡ್‌ಅಪ್ ಕಾಮಿಡಿ. ಅಮೆರಿಕದ ವಾಡವಿಲ್, ಬ್ರಿಟನ್ನಿನ ಮ್ಯೂಸಿಕ್ ಹಾಲ್ ಪ್ರದರ್ಶನಗಳು ಇದರ ಮೂಲ. ನ್ಯೂಯಾರ್ಕಿನ ‘ಇಂಪ್ರೊವ್’ (1963), ಲಾಸ್ ಏಂಜಲೀಸಿನ ‘ಕಾಮಿಡಿ ಸ್ಟೋರ್’ (1972) ಮುಂತಾದ ಕ್ಲಬ್‌ಗಳಲ್ಲಿ ಇದು ಪೂರ್ಣಾವಧಿ ವೃತ್ತಿಯಾಗಿ ಬೆಳೆಯಿತು. ಭಾರತದಲ್ಲಿ 2005ರ ‘ದಿ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್’ ಟಿವಿ ಸ್ಪರ್ಧೆ ಇದನ್ನು ಮನೆಮಾತಾಗಿಸಿತು. ಮುಂದಿನ ದಶಕದಲ್ಲಿ ಮುಂಬೈ, ಬೆಂಗಳೂರು, ದೆಹಲಿಗಳ ಕೆಫೆ, ಪಬ್‌ಗಳಲ್ಲಿ ಇದು ನೆಲೆಯೂರಿತು.

ಪ್ರವೇಶ

ಈ ವೃತ್ತಿಗೆ ಪದವಿ ಬೇಕಿಲ್ಲ. ಯಾರು ಬೇಕಾದರೂ ವೇದಿಕೆ ಏರಬಹುದಾದ ‘ಓಪನ್ ಮೈಕ್’ ಪ್ರದರ್ಶನಕ್ಕೆ ಹೆಸರು ಬರೆಸಿದರೆ ಸಾಕು. ಹೊಸಬರಿಗೆ ಸಾಮಾನ್ಯವಾಗಿ ನಾಲ್ಕೈದು ನಿಮಿಷ ಸಿಗುತ್ತದೆ, ಸಂಭಾವನೆ ಇರುವುದಿಲ್ಲ. ಸಮಯ ಮುಗಿಯುತ್ತ ಬಂದಾಗ ಆಯೋಜಕರು ಸಭೆಯ ಹಿಂದಿನಿಂದ ಮೊಬೈಲ್ ಟಾರ್ಚ್ ತೋರಿಸುತ್ತಾರೆ. ಅದನ್ನು ಕಂಡೂ ಮಾತು ಎಳೆಯುವವರಿಗೆ ಮತ್ತೆ ಕರೆ ಬರುವುದು ಕಷ್ಟ.

ವೇದಿಕೆಯಲ್ಲಿ ಹೇಳುವ ಜೋಕಿನಲ್ಲಿ ಸಾಮಾನ್ಯವಾಗಿ ಎರಡು ಭಾಗ: ಸಂದರ್ಭ ಕಟ್ಟುವ ಸೆಟಪ್, ನಿರೀಕ್ಷೆಯನ್ನು ತಲೆಕೆಳಗು ಮಾಡುವ ಪಂಚ್‌ಲೈನ್. ಪಂಚ್‌ನ ಬೆನ್ನಿಗೇ ಇನ್ನೊಮ್ಮೆ ನಗಿಸುವ ಚಿಕ್ಕ ಮಾತು ಟ್ಯಾಗ್. ಹಿಂದೆ ಹೇಳಿದ್ದನ್ನು ಅನಿರೀಕ್ಷಿತವಾಗಿ ಎಳೆದು ತರುವುದು ಕಾಲ್‌ಬ್ಯಾಕ್. ಕಲಾವಿದರು ತಮ್ಮ ಪ್ರದರ್ಶನವನ್ನು ಧ್ವನಿಮುದ್ರಿಸಿಕೊಂಡು, ನಗು ಬಾರದ ಕಡೆ ಪದ ಕಡಿದು, ಪಂಚ್ ಪದವನ್ನು ವಾಕ್ಯದ ಕೊನೆಗೆ ಸರಿಸಿ, ಬೇರೆ ಸಭೆಯಲ್ಲಿ ಮತ್ತೆ ಹೇಳಿ ನೋಡುತ್ತಾರೆ.

ಬೆಳವಣಿಗೆ

ಎಲ್ಲಿ ಹೇಳಿದರೂ ನಗಿಸುವ ಐದು ನಿಮಿಷದ ಸರಕು ಸಿದ್ಧವಾದ ಮೇಲೆ, ಹಲವರು ಸೇರಿ ನಡೆಸುವ ಲೈನ್‌ಅಪ್ ಶೋಗಳಲ್ಲಿ ಹತ್ತು ಹದಿನೈದು ನಿಮಿಷ ಸಿಗುತ್ತದೆ. ನಂತರ ನಿರೂಪಣೆ, ಹೆಸರಾದವರ ಶೋಗೆ ಮುನ್ನ ಆರಂಭಿಕ ಪ್ರದರ್ಶನ (ಓಪನಿಂಗ್), ಕೊನೆಗೆ ಸುಮಾರು ಒಂದು ಗಂಟೆಯ ಸೋಲೊ. ಈ ಹಾದಿಗೆ ಹಲವು ವರ್ಷ ಹಿಡಿಯುತ್ತದೆ. ಯೂಟ್ಯೂಬ್ ವಿಡಿಯೊ ಪ್ರೇಕ್ಷಕರನ್ನು ತರುತ್ತದೆ, ಆದರೆ ಅದರಲ್ಲಿ ಹೇಳಿದ ಜೋಕು ವೇದಿಕೆಯಲ್ಲಿ ಹಳತಾಗುತ್ತದೆ. ಆದ್ದರಿಂದ ಅನೇಕರು ಪ್ರೇಕ್ಷಕರೊಡನೆ ನಡೆಸಿದ ಆಶು ಮಾತುಕತೆಯ ತುಣುಕುಗಳನ್ನಷ್ಟೇ ಹಾಕಿ, ಬರೆದ ಸರಕನ್ನು ಟಿಕೆಟ್ ಕೊಂಡವರಿಗೆ ಉಳಿಸಿಕೊಳ್ಳುತ್ತಾರೆ.

ಕನ್ನಡದಲ್ಲಿ

ಕನ್ನಡದಲ್ಲಿ ಒಬ್ಬರೇ ನಿಂತು ನಗಿಸುವ ರೂಢಿ ಹಾಸ್ಯಸಂಜೆ, ನಗೆಹಬ್ಬಗಳಲ್ಲಿ ಮೊದಲೇ ಇತ್ತು. ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡ, ರಿಚರ್ಡ್ ಲೂಯಿಸ್, ಸುಧಾ ಬರಗೂರು ಈ ವೇದಿಕೆಯ ಪ್ರಸಿದ್ಧರು. ಗಣೇಶೋತ್ಸವ, ರಾಜ್ಯೋತ್ಸವ, ಹೊರನಾಡಿನ ಕನ್ನಡ ಸಂಘಗಳ ಸಮಾರಂಭಗಳೇ ಇವರ ಕ್ಷೇತ್ರ, ಸಂಭಾವನೆ ಆಯೋಜಕರದು. ಮನೆಮಂದಿಯೆಲ್ಲ ಕೂತು ಕೇಳುವುದರಿಂದ ವಿಷಯಕ್ಕೂ ಭಾಷೆಗೂ ಮಿತಿಯಿದೆ. ಬೆಂಗಳೂರಿನ ‘ಲೋಲ್‌ಬಾಗ್’ ತಂಡದಂಥ ಹೊಸ ತಲೆಮಾರಿನವರು ಟಿಕೆಟ್ ಶೋ, ಯೂಟ್ಯೂಬ್‌ಗಳ ಮೂಲಕ ನಗರದ ಯುವಜನರನ್ನು ಸೆಳೆದರು.

ಆದಾಯ ಮತ್ತು ತೊಡಕು

ಟಿಕೆಟ್ ಪಾಲು, ಕಂಪನಿಗಳ ಖಾಸಗಿ ಕಾರ್ಯಕ್ರಮ, ಜಾಹೀರಾತು, ಸಿನಿಮಾ ಮತ್ತು ವೆಬ್ ಸರಣಿಗಳ ಬರವಣಿಗೆ ಆದಾಯದ ಮೂಲಗಳು. ಕಂಪನಿ ಕಾರ್ಯಕ್ರಮಗಳಿಗೆ ಸಂಭಾವನೆ ಹೆಚ್ಚು, ಮಾತಿನ ಸ್ವಾತಂತ್ರ್ಯ ಕಡಿಮೆ. ಆದಾಯ ಏರಿಳಿಯುವ ಕಾರಣ ಆರಂಭದಲ್ಲಿ ಹಲವರು ಹಗಲಿನ ನೌಕರಿ ಬಿಡುವುದಿಲ್ಲ. ಧರ್ಮ, ರಾಜಕೀಯ ಕುರಿತ ಜೋಕುಗಳಿಂದ ದೂರು, ಬಂಧನ, ಕಾರ್ಯಕ್ರಮ ರದ್ದತಿ ಎದುರಾಗುವುದೂ ಉಂಟು. 2021ರ ಜನವರಿಯಲ್ಲಿ ಇಂದೋರಿನಲ್ಲಿ ಬಂಧಿತರಾದ ಸ್ಟ್ಯಾಂಡ್‌ಅಪ್ ಕಲಾವಿದ ಮುನಾವರ್ ಫಾರೂಕಿ ಅವರಿಗೆ ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ನೀಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಅವರ ಕಾರ್ಯಕ್ರಮ ರದ್ದಾಯಿತು.